ಸಂಬಳ ನಿಲ್ಲುವ ಭಯ, ಮನೆಯನ್ನು ಗಟ್ಟಿ ಮಾಡಿಕೊಳ್ಳಲು ಎಲ್ಲಿಂದ ಶುರು ಮಾಡಲಿ?

ಎರಡನೇಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮನೆಯವರ ಆಫೀಸಿನಲ್ಲಿ ಜನರನ್ನು ಕೆಲಸದಿಂದ ತೆಗೆಯಲು ಶುರು ಮಾಡಿದ್ದಾರೆ. ಇವರ ವಿಭಾಗಕ್ಕೆ ಇನ್ನೂ ಕೈ ಹಾಕಿಲ್ಲ. ಹಾಕುವುದಿಲ್ಲ ಅಂತಲೂ ಯಾರೂ ಹೇಳುತ್ತಿಲ್ಲ. ನನಗೂ ಕೆಲಸ ಇದೆ, ಆದರೆ ಸಂಬಳ ಇವರದ್ದಕ್ಕಿಂತ ತುಂಬಾ ಕಡಿಮೆ. ಮನೆ ಸಾಲದ ಕಂತು ನಡೀತಿದೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ ಇದ್ದಾರೆ.

ರಾತ್ರಿ ನಿದ್ದೆ ಬರದೆ ಫೋನ್ ಹಿಡಿದರೆ, ಒಂದೋ ಇನ್ನೇನು ಎಲ್ಲ ಮುಳುಗಿತು ಅನ್ನುವ ವಿಡಿಯೋ, ಇಲ್ಲಾ ಮನೆ ಮೇಲೆ ತೋಟ ಮಾಡಿಕೊಂಡು ಅಂಗಡಿ ಕಡೆ ತಲೆಯೇ ಹಾಕದೆ ಬದುಕುತ್ತಿದ್ದೇವೆ ಅನ್ನುವವರ ವಿಡಿಯೋ. ನೋಡಿ ನೋಡಿ ನನಗೂ ಅದೇ ಹುಚ್ಚು ಹತ್ತಿದೆ. ವರ್ಷಕ್ಕಾಗುವಷ್ಟು ದಿನಸಿ ತಂದಿಡೋಣ, ಕುಂಡದಲ್ಲಿ ತರಕಾರಿ ಹಾಕೋಣ, ಸೋಲಾರ್ ಹಾಕಿಸೋಣ, ನಾಲ್ಕು ಕೋಳಿ ಸಾಕೋಣ ಅಂತ. ಇವರು ನಗುತ್ತಾರೆ. "ಬಾಲ್ಕನಿಯಲ್ಲಿ ಕೋಳಿನಾ?" ಅಂತಾರೆ.

ನಗಲಿ ಬಿಡಿ. ನನಗೆ ಬೇಕಾಗಿರುವುದು ಇಷ್ಟು. ಇದರಲ್ಲಿ ನಿಜವಾಗಿ ಮನೆ ಕಾಯುವುದು ಯಾವುದು, ಸುಮ್ನೆ ಮನಸ್ಸಿಗೆ ಸಮಾಧಾನ ಕೊಡುವುದು ಯಾವುದು? ಎರಡೂ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವುದಕ್ಕೆ ದುಡ್ಡು ಹಾಕುತ್ತಿದ್ದೇನೆ ಅಂತ ಗೊತ್ತಿದ್ದು ಹಾಕಬೇಕು, ಅಲ್ವಾ? ಬಾಲ್ಕನಿಗೆ ಬೆಳಗಿನ ಹೊತ್ತು ಮೂರ್ನಾಲ್ಕು ತಾಸು ಬಿಸಿಲು ಬೀಳುತ್ತದೆ, ಆಮೇಲೆ ನೆರಳೇ.

---

ಲೆಕ್ಕದಪುಸ್ತಕ

ಕೋಳಿ, ಸೋಲಾರ್ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ಮೊದಲು ಒಂದು ಸಂಖ್ಯೆ ಬೇಕು. ನಾಳೆ ಅವರ ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತದೆ? ಈ ಸಂಖ್ಯೆ ಗೊತ್ತಿಲ್ಲದಿದ್ದರೆ ಎಷ್ಟು ದಿನಸಿ ತಂದಿಟ್ಟರೂ ನಿದ್ದೆ ಬರುವುದಿಲ್ಲ. ಗೊತ್ತಾದರೆ, ಅದು ಸಣ್ಣ ಸಂಖ್ಯೆಯೇ ಆಗಿದ್ದರೂ, ತಲೆ ಸ್ವಲ್ಪ ಸ್ಥಿಮಿತಕ್ಕೆ ಬರುತ್ತದೆ.

ಹಿಂದಿನ ಮೂರು ತಿಂಗಳ ಖರ್ಚು ಎದುರಿಗಿಟ್ಟುಕೊಂಡು, ನಿಲ್ಲಿಸಲು ಆಗದ್ದು ಮತ್ತು ನಿಲ್ಲಿಸಬಹುದಾದದ್ದು ಅಂತ ಎರಡು ಭಾಗ ಮಾಡಿ. ಕಂತು, ಫೀಸು, ಔಷಧಿ, ವಿಮೆ, ದಿನಸಿ, ಕರೆಂಟು ಇವೆಲ್ಲ ಮೊದಲನೇ ಭಾಗಕ್ಕೆ. ಈಗ ಒಂದು ಉದಾಹರಣೆ ನೋಡಿ, ಅಂಕಿಗಳು ಸುಮ್ನೆ ಲೆಕ್ಕಕ್ಕೆ. ನಿಲ್ಲಿಸಲಾಗದ ಖರ್ಚು ತಿಂಗಳಿಗೆ 100, ನಿಮ್ಮ ಸಂಬಳ 60, ಬೇಕೆಂದಾಗ ತೆಗೆಯಬಹುದಾದ ಉಳಿತಾಯ 240 ಅಂದುಕೊಳ್ಳಿ. ತಿಂಗಳಿಗೆ 40 ಕೊರತೆ ಬೀಳುತ್ತದೆ. 240 ಅನ್ನು 40ರಿಂದ ಭಾಗಿಸಿದರೆ 6 ತಿಂಗಳು. ಇದನ್ನು ಎಲ್ಲರೂ ಹಾಕುತ್ತಾರೆ. ಮುಂದಿನ ಹೆಜ್ಜೆಯನ್ನು ತುಂಬಾ ಜನ ಹಾಕುವುದಿಲ್ಲ. ಖರ್ಚನ್ನು 100ರಿಂದ 90ಕ್ಕೆ ಇಳಿಸಿದರೆ ಕೊರತೆ 30, ಅಂದರೆ 8 ತಿಂಗಳು. 80ಕ್ಕೆ ಇಳಿಸಿದರೆ ಕೊರತೆ ಬರೀ 20, ಅದೇ ಉಳಿತಾಯ ಪೂರ್ತಿ 12 ತಿಂಗಳು ಬರುತ್ತದೆ! ಐದರಲ್ಲಿ ಒಂದು ಪಾಲು ಖರ್ಚು ತಗ್ಗಿದರೆ ಕಾಲಾವಧಿ ದುಪ್ಪಟ್ಟು. ಮನೆಯಲ್ಲಿ ಎರಡನೇ ಸಂಬಳ ಒಂದು ಇರುವುದರಿಂದ ಆಗುವ ಲಾಭ ಇದು. ಹಾಗಾಗಿ "ನನ್ನ ಸಂಬಳ ಕಡಿಮೆ" ಅಂತ ಕುಗ್ಗಬೇಡಿ, ನಿಮ್ಮ ಮನೆಯ ಅತಿ ಗಟ್ಟಿ ಆಸ್ತಿ ಈಗ ಅದೇ.

ಇನ್ನು ಕ್ರೆಡಿಟ್ ಕಾರ್ಡ್ ಬಾಕಿ ಏನಾದರೂ ಇದ್ದರೆ ಅದೇ ಮೊದಲ ಶತ್ರು. ತಿಂಗಳಿಗೆ 3 ಪರ್ಸೆಂಟ್ ಅಂದರೆ ವರ್ಷಕ್ಕೆ 36 ಅಂತ ಜನ ಅಂದುಕೊಳ್ಳುತ್ತಾರೆ. ಬಡ್ಡಿ ಮೇಲೆ ಬಡ್ಡಿ ಸೇರಿ ಅದು 42 ದಾಟುತ್ತದೆ, ಸುಮಾರು ಎರಡು ವರ್ಷಕ್ಕೆ ಸಾಲ ಎರಡರಷ್ಟು. ಯಾವ ತೋಟವೂ, ಯಾವ ಸೋಲಾರೂ ಇಷ್ಟು ಲಾಭ ತಂದುಕೊಡುವುದಿಲ್ಲ. ಆದರೆ ಇರುವ ದುಡ್ಡನ್ನೆಲ್ಲ ಸಾಲಕ್ಕೆ ಸುರಿದು ಕೈ ಖಾಲಿ ಮಾಡಿಕೊಳ್ಳಬೇಡಿ. ಒಂದೆರಡು ತಿಂಗಳ ಖರ್ಚು ಕೈಯಲ್ಲಿರಲಿ, ಮಿಕ್ಕಿದ್ದರಿಂದ ತೀರಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತದೆ.

---

ಕುಂಡದಮಣ್ಣು

ಲೆಕ್ಕದ ಮಾತು ಒಪ್ಪಿದೆ. ಆದರೂ ತೋಟದ ಪರ ನಾನೊಬ್ಬಳಾದರೂ ಮಾತಾಡಬೇಕಲ್ಲ.

ಕಷ್ಟಕಾಲದಲ್ಲಿ ಮಣ್ಣಿಗೆ ಕೈ ಹಾಕುವುದು ಈಗಿನ ವಿಡಿಯೋದವರ ಹೊಸ ಶೋಕಿ ಏನಲ್ಲ. ಅಮೆರಿಕದಲ್ಲಿ 1893ರಲ್ಲಿ ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿ, ಊರೂರಲ್ಲಿ ಜನ ಕೆಲಸ ಕಳಕೊಂಡರು. ಮರುವರ್ಷ ಡೆಟ್ರಾಯಿಟ್ ನಗರದ ಮೇಯರ್ ಹೇಜನ್ ಪಿಂಗ್ರಿ, ಊರಲ್ಲಿ ಖಾಲಿ ಬಿದ್ದಿದ್ದ ಸೈಟುಗಳನ್ನು ಕೆಲಸ ಇಲ್ಲದವರಿಗೆ ಆಲೂಗಡ್ಡೆ ಬೆಳೆದುಕೊಳ್ಳಲು ಬಿಟ್ಟುಕೊಡಿ ಅಂತ ಮಾಲೀಕರನ್ನು ಕೇಳಿದ. ಜನ ಅವನನ್ನು ಆಡಿಕೊಂಡರು. ಆಮೇಲೆ ಬೇರೆ ಊರುಗಳೂ ಅದನ್ನೇ ಮಾಡಿದವು. ರಷ್ಯಾದಲ್ಲಿ 1990ರ ದಶಕದಲ್ಲಿ ಸಂಬಳವೇ ಸರಿಯಾಗಿ ಕೈಗೆ ಬಾರದಿದ್ದಾಗ, ದೇಶದ ಆಲೂಗಡ್ಡೆಯಲ್ಲಿ ಬಹುಪಾಲು ಬಂದದ್ದು ಜನ ತಮ್ಮ ತುಂಡು ಜಮೀನಿನಲ್ಲಿ ಬೆಳೆದುಕೊಂಡದ್ದರಿಂದ.

ನಿಮ್ಮ ಬಾಲ್ಕನಿಗೆ ಬರೋಣ. ಮೂರ್ನಾಲ್ಕು ತಾಸು ಬಿಸಿಲಿಗೆ ಸೊಪ್ಪು ಬರುತ್ತದೆ. ಟೊಮೆಟೊ, ಮೆಣಸಿನಕಾಯಿ, ಬದನೆ ಇವಕ್ಕೆಲ್ಲ ಆರರಿಂದ ಎಂಟು ತಾಸು ನೇರ ಬಿಸಿಲು ಬೇಕು. ನೆರಳಲ್ಲಿ ಇಟ್ಟರೆ ಗಿಡ ಉದ್ದುದ್ದ ಬೆಳೆಯುತ್ತದೆ, ಕಾಯಿ ಬಿಡುವುದಿಲ್ಲ. ಸೊಪ್ಪಿಗೆ ಒಂದು ಗೇಣು ಆಳದ ಡಬ್ಬ ಸಾಕು, ಒಡೆದ ಬಕೆಟ್ಟಾದರೂ ಸರಿ, ತಳಕ್ಕೆ ತೂತು ಇರಬೇಕು ಅಷ್ಟೇ. ಬುಡ ಸಮೇತ ಕೀಳದೆ ಮೇಲಿಂದ ಚಿವುಟಿಕೊಳ್ಳುತ್ತಾ ಹೋದರೆ ಅದೇ ಗಿಡ ಹಲವು ಸಲ ಚಿಗುರುತ್ತದೆ. ಇನ್ನೊಂದು, ಒಂದೇ ದಿನ ಎಲ್ಲ ಡಬ್ಬಕ್ಕೂ ಬೀಜ ಹಾಕಬೇಡಿ. ವಾರಕ್ಕೊಂದು ಡಬ್ಬ ಹಾಕಿ. ಇಲ್ಲದಿದ್ದರೆ ಒಂದು ವಾರ ತಿಂದು ಮುಗಿಯದಷ್ಟು ಬರುತ್ತದೆ, ಆಮೇಲೆ ತಿಂಗಳು ಏನೂ ಇರುವುದಿಲ್ಲ.

ದುಬಾರಿ ಕುಂಡ, ಚೀಲದ ಮಣ್ಣು, ಬಣ್ಣಬಣ್ಣದ ನೀರಿನ ಕ್ಯಾನು ಇದಕ್ಕೆಲ್ಲ ದುಡ್ಡು ಸುರಿದರೆ ಮಾತ್ರ ಲೆಕ್ಕದಪುಸ್ತಕ ಅವರು ಹೇಳುವುದೇ ನಿಜ.

---

ನೇರಮಾತು

ಕುಂಡದಮಣ್ಣು ಅವರೇ, ಆಲೂಗಡ್ಡೆ ಕಥೆ ಚೆನ್ನಾಗಿದೆ. ಆದರೆ ಅವರಿಗೆಲ್ಲ ನೆಲ ಇತ್ತು. ಇವರಿಗಿರುವುದು ಬಾಲ್ಕನಿ.

ಒಂದು ಸಣ್ಣ ಲೆಕ್ಕ. ದೊಡ್ಡವರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು. 100 ಗ್ರಾಂ ಸೊಪ್ಪಿನಲ್ಲಿ ಇರುವುದು 20ರಿಂದ 25. ಅಂದರೆ ಸೊಪ್ಪಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದರೆ ಒಬ್ಬರು ದಿನಕ್ಕೆ ಎಂಟು ಕೆಜಿಗೂ ಜಾಸ್ತಿ ತಿನ್ನಬೇಕು, ಹಸು ಕೂಡ ಯೋಚನೆ ಮಾಡುತ್ತದೆ. ಅದೇ ಧಾನ್ಯ, ಒಣ ಕಾಳುಗಳಲ್ಲಿ 100 ಗ್ರಾಂಗೆ ಸುಮಾರು 340, 350. ಅರ್ಧ ಕೆಜಿ ಚಿಲ್ಲರೆಯಲ್ಲಿ ಒಬ್ಬರ ಒಂದು ದಿನದ ಶಕ್ತಿ ಬಂತು. ಹೊಟ್ಟೆ ತುಂಬಿಸುವುದು ಡಬ್ಬದಲ್ಲಿರುವ ಧಾನ್ಯ. ಕುಂಡದಲ್ಲಿ ಬರುವುದು ರುಚಿ, ವಿಟಮಿನ್ ಅಷ್ಟೇ.

ಕ್ಯೂಬಾದ ಉದಾಹರಣೆಯನ್ನೂ ಜನ ಜಾಸ್ತಿ ಕೊಡುತ್ತಾರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಅಲ್ಲಿಂದ ಇಂಧನ, ಗೊಬ್ಬರ ಬರುವುದು ನಿಂತಾಗ ರಾಜಧಾನಿ ಹವಾನಾದಲ್ಲಿ ಖಾಲಿ ಜಾಗದಲ್ಲೆಲ್ಲ ತರಕಾರಿ ಬೆಳೆದರು, ನಿಜ. ಆದರೆ ಧಾನ್ಯಕ್ಕೆ ಆಗಲೂ, ಆಮೇಲೂ ಹಡಗನ್ನೇ ಕಾಯಬೇಕಿತ್ತು. ಇಡೀ ದೇಶವೇ ಜಿದ್ದಿಗೆ ಬಿದ್ದು ಮಾಡಿದರೂ ಪೂರ್ತಿ ಸ್ವಾವಲಂಬನೆ ಆಗಲಿಲ್ಲ, ಒಂದು ಮನೆಗೆ ಹೇಗಾಗುತ್ತದೆ?

ವರ್ಷದ ದಿನಸಿ ಅಂದಿರಲ್ಲ, ಅದೂ ಬೇಡ. ಆರ್ಥಿಕ ಹಿಂಜರಿತ ಅಂದರೆ ಬರಗಾಲ ಅಲ್ಲ. ಅಂಗಡಿಯಲ್ಲಿ ಸಾಮಾನು ಇದ್ದೇ ಇರುತ್ತದೆ, ಇಲ್ಲದಿರುವುದು ನಮ್ಮ ಕೈಯಲ್ಲಿ ದುಡ್ಡು. ಇರುವ ದುಡ್ಡನ್ನೆಲ್ಲ ಮೂಟೆ ಮಾಡಿ ಮೂಲೆಗಿಟ್ಟರೆ ಆ ಮೂಟೆಯಿಂದ ಕಂತು ಕಟ್ಟಲು ಆಗುವುದಿಲ್ಲ, ಡಾಕ್ಟರಿಗೆ ಕೊಡಲೂ ಆಗುವುದಿಲ್ಲ. ಒಂದು ತಿಂಗಳಿಗೆ ಆಗುವಷ್ಟು ಜಾಸ್ತಿ ಇಟ್ಟುಕೊಳ್ಳಿ, ಅದೂ ಮನೆಯಲ್ಲಿ ದಿನಾ ತಿನ್ನುವುದನ್ನೇ. ಮಿಕ್ಕಿದ್ದು ದುಡ್ಡಾಗಿಯೇ ಇರಲಿ.

---

ಕುಂಡದಮಣ್ಣು

ನಾನೆಲ್ಲಿ ಸೊಪ್ಪು ತಿಂದೇ ಬದುಕಿ ಅಂದೆ ಸ್ವಾಮಿ?

ಒಂದು ಮಾತು ಮಾತ್ರ ಸೇರಿಸುತ್ತೇನೆ. ಆದಾಯ ಕುಗ್ಗಿದಷ್ಟೂ ಖರ್ಚಿನಲ್ಲಿ ಊಟದ ಪಾಲು ಹಿಗ್ಗುತ್ತದೆ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಬಡ ಮನೆಗಳ ಖರ್ಚು ನೋಡಿ ಇದನ್ನು ತೋರಿಸಿದ್ದ. ದುಡ್ಡು ಬಿಗಿಯಾದಾಗ ಮೊದಲು ಊಟದಿಂದ ಬಿಟ್ಟುಹೋಗುವುದು ಏನು ಹೇಳಿ? ಧಾನ್ಯ ಅಲ್ಲ. ಹಣ್ಣು, ಸೊಪ್ಪು, ತರಕಾರಿ. ಮಕ್ಕಳಿರುವ ಮನೆಯಲ್ಲಿ ಆ ತೂತು ಮುಚ್ಚುವುದಕ್ಕೆ ನಾಲ್ಕು ಡಬ್ಬ ಸೊಪ್ಪು ಸಾಕು. ಉಳಿದ ದಿನಸಿ ಬಗ್ಗೆ ನಿಮ್ಮ ಮಾತು ಸರಿ.

---

ಎರಡನೇಮಹಡಿ

ಅಬ್ಬಾ, ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಲೆಕ್ಕದಪುಸ್ತಕ ಅವರೇ, ಇಬ್ಬರೂ ಕೂತು ಲೆಕ್ಕ ಹಾಕಿದೆವು. ನಮ್ಮ ಸಂಖ್ಯೆ ನಿಮ್ಮ ಉದಾಹರಣೆಯಷ್ಟು ಚೆನ್ನಾಗಿಲ್ಲ, ಆದರೆ ನಾನು ಹೆದರಿದ್ದಷ್ಟು ಕೆಟ್ಟದಾಗಿಯೂ ಇಲ್ಲ. ಕಾರ್ಡ್ ಬಾಕಿ ಇಲ್ಲ, ಸದ್ಯ.

ಇನ್ನೆರಡು ಕೇಳಬೇಕು. ಒಂದು, ಕಂತಿನ ವಿಷಯ. ಕೆಲಸ ಹೋದ ಮೇಲೆ ಬ್ಯಾಂಕಿಗೆ ಹೋಗಬೇಕಾ, ಈಗಲೇ ಹೋದರೆ ಸುಮ್ನೆ ಅನುಮಾನ ಬರುತ್ತದಾ? ಎರಡು, ತರಕಾರಿ ಅಗ್ಗ ಇದ್ದಾಗ ತಂದು ಬಾಟಲಿಗಳಲ್ಲಿ ತುಂಬಿ, ಕುದಿಸಿ, ಗಾಳಿ ಹೋಗದ ಹಾಗೆ ಮುಚ್ಚಿಟ್ಟು ತಿಂಗಳುಗಟ್ಟಲೆ ಇಡುವ ವಿಡಿಯೋ ನೋಡಿದೆ. ಅದು ಮನೆಯಲ್ಲಿ ಮಾಡಬಹುದಾ?

ಮತ್ತೆ, ಇವರು ಈಗ ನಗುವುದನ್ನೂ ನಿಲ್ಲಿಸಿದ್ದಾರೆ. ಸುಮ್ಮನೆ ಕೂರುತ್ತಾರೆ. ಅದು ನನಗೆ ಜಾಸ್ತಿ ಚಿಂತೆ.

---

ಉಪ್ಪುಹುಳಿ

ಬಾಟಲಿ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಯಾಕೆಂದರೆ ಇದರಲ್ಲಿ ಜೀವಕ್ಕೆ ಅಪಾಯ ಇದೆ.

ಹುಳಿ ಇಲ್ಲದ ತರಕಾರಿಯನ್ನು, ಅಂದರೆ ಹುರುಳಿಕಾಯಿ, ಬಟಾಣಿ, ಕ್ಯಾರೆಟ್, ಜೋಳ ಇಂಥವನ್ನು, ಬರೀ ನೀರಲ್ಲಿ ಕುದಿಸಿ ಗಾಳಿಯಾಡದಂತೆ ಮುಚ್ಚಿಡಬೇಡಿ. ಮಣ್ಣಲ್ಲಿ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು 100 ಡಿಗ್ರಿ ಕುದಿತಕ್ಕೆ ಸಾಯುವುದಿಲ್ಲ. ಅವು ಸಾಯಬೇಕಾದರೆ ಒತ್ತಡದಲ್ಲಿ 116ರಿಂದ 121 ಡಿಗ್ರಿ ಬೇಕು, ಅದೂ ಬಾಟಲಿಯ ನಡುಮಧ್ಯದವರೆಗೆ, ಬೇಕಾದಷ್ಟು ಹೊತ್ತು. ಗಾಳಿ ಇಲ್ಲದ ಬಾಟಲಿಯೊಳಗೆ ಅವು ಬೆಳೆದು ವಿಷ ಬಿಡುತ್ತವೆ. ಇದರಲ್ಲಿ ಕೆಟ್ಟ ವಿಷಯ ಏನೆಂದರೆ ವಾಸನೆ, ಬಣ್ಣ, ರುಚಿ ಯಾವುದರಿಂದಲೂ ಗೊತ್ತಾಗದೆ ಹೋಗಬಹುದು. ಮನೆಯ ಮಾಮೂಲಿ ಕುಕ್ಕರ್ ಈ ಕೆಲಸಕ್ಕೆ ಅಂತ ಮಾಡಿದ್ದಲ್ಲ, ಅದರ ಮೇಲೆ ನಂಬಿಕೆ ಇಡಬೇಡಿ.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದ್ದು ಒಣಗಿಸುವುದು, ಮತ್ತೆ ಉಪ್ಪು ಹುಳಿ ಚೆನ್ನಾಗಿ ಹಾಕಿ ಇಡುವುದು. ಹುಳಿ ಎಷ್ಟಿರಬೇಕೆಂದರೆ ಪಿಎಚ್ (ಹುಳಿಯ ಅಳತೆ, ಹುಳಿ ಜಾಸ್ತಿ ಆದಷ್ಟೂ ಈ ಸಂಖ್ಯೆ ಇಳಿಯುತ್ತದೆ) 4.6ಕ್ಕಿಂತ ಕಡಿಮೆ ಇರಬೇಕು, ಆಗ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದ್ದರಿಂದ ವಿನಿಗರ್ ಅಥವಾ ನಿಂಬೆರಸ ಹಾಕುವ ಕಡೆ ಅಳತೆ ಕಡಿಮೆ ಮಾಡಿ ಉಳಿತಾಯ ಮಾಡಲು ಹೋಗಬೇಡಿ. ಒಣಗಿಸುವುದಾದರೆ ಮುರಿದರೆ ಪಟ್ ಅಂತ ಮುರಿಯುವಷ್ಟು ಒಣಗಬೇಕು, ಬಾಗಿದರೆ ಇನ್ನೂ ನೀರಿದೆ ಅಂತ ಅರ್ಥ.

ದಿನಸಿಗೆ ಹುಳ ಬೀಳುವ ಭಯ ಇದ್ದರೆ, ಫ್ರೀಜರ್ ಇದ್ದವರು ಹೊಸದಾಗಿ ತಂದ ಕಾಳನ್ನು ಪೊಟ್ಟಣ ಮಾಡಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟು ತೆಗೆದರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರಗೆ ತೆಗೆದ ತಕ್ಷಣ ಪೊಟ್ಟಣ ಬಿಚ್ಚಬೇಡಿ, ತಣ್ಣಗಿನ ಕಾಳಿನ ಮೇಲೆ ಬೆವರು ಕೂರುತ್ತದೆ. ಎಣ್ಣೆಯನ್ನಂತೂ ಜಾಸ್ತಿ ತಂದಿಡಲೇಬೇಡಿ, ಕಮಟು ಹಿಡಿಯುತ್ತದೆ.

---

ಲೆಕ್ಕದಪುಸ್ತಕ

ಕಂತು ತಪ್ಪಿದ ಮೇಲೆ ಬ್ಯಾಂಕಿಗೆ ಹೋಗುವುದು ಬೇರೆ, ತಪ್ಪುವ ಮೊದಲು ಹೋಗುವುದು ಬೇರೆ. ಕೆಲಸ ಹೋಗಿಲ್ಲದಿದ್ದರೆ ಈಗಲೇ ಹೋಗಿ ಕಥೆ ಹೇಳಬೇಕಾಗಿಲ್ಲ. ಆದರೆ ಸಾಲದ ಕಾಗದ ತೆಗೆದು ಓದಿ. ಅವಧಿ ಹಿಗ್ಗಿಸಿ ಕಂತು ಕಡಿಮೆ ಮಾಡುವ ದಾರಿ ಇದೆಯಾ, ಕೆಲವು ತಿಂಗಳು ಬರೀ ಬಡ್ಡಿ ಕಟ್ಟಲು ಬಿಡುತ್ತಾರಾ, ತಡವಾದರೆ ದಂಡ ಎಷ್ಟು, ಕೆಲಸ ಹೋದರೆ ಅನ್ವಯಿಸುವ ವಿಮೆ ಏನಾದರೂ ಅದರ ಜೊತೆ ಸೇರಿದೆಯಾ, ಇದೆಲ್ಲ ಅದರಲ್ಲೇ ಇರುತ್ತದೆ. ಅವಧಿ ಹಿಗ್ಗಿಸಿದರೆ ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ಗೊತ್ತಿರಲಿ. ಆದರೆ ಮೇಲೆ ಹೇಳಿದ ತಿಂಗಳ ಕೊರತೆ ತಗ್ಗಿಸಲು ಅದರಷ್ಟು ದೊಡ್ಡ ಅಸ್ತ್ರ ಬೇರೆ ಇಲ್ಲ. ಕೆಲಸ ಹೋಯಿತು ಅಂತಾದರೆ ಅದೇ ವಾರ ಹೋಗಿ ಮಾತಾಡಿ. ಮಾತಾಡಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಆಮೇಲೆ ಕರೆಂಟು. ಸೋಲಾರ್ ಹಾಕಿದ ದುಡ್ಡು ವಾಪಸ್ ಬರುವುದಕ್ಕೆ ವರ್ಷಗಳು ಬೇಕು, ಸಂಬಳ ಅಲುಗಾಡುವ ಹೊತ್ತಲ್ಲಿ ಅಷ್ಟು ದುಡ್ಡು ಅಲ್ಲಿ ಕೂರಿಸುವುದು ಬೇಡ. ಅದಕ್ಕೂ ಮೊದಲು ಬಿಸಿ ಮಾಡುವ, ತಣ್ಣಗೆ ಮಾಡುವ ಯಂತ್ರಗಳನ್ನು ನೋಡಿ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಅದೇ ಒಂದು ಯೂನಿಟ್‌ನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ 111 ಗಂಟೆ ಉರಿಯುತ್ತದೆ. ಎಷ್ಟೋ ಮನೆಗಳಲ್ಲಿ ಬಲ್ಬ್ ಆರಿಸಿಲ್ಲ ಅಂತ ಮಕ್ಕಳಿಗೆ ಬೈತಾರೆ, ಗೀಸರ್ ಬೆಳಗಿಂದ ಆನ್ ಇರುತ್ತದೆ.

---

ಸಂಜೆನಡಿಗೆ

ಎಲ್ಲರೂ ದುಡ್ಡು, ದಿನಸಿ ಬಗ್ಗೆ ಹೇಳಿದ್ದಾರೆ. ನಾನು ನಿಮ್ಮ ಕೊನೆಯ ಸಾಲಿನ ಬಗ್ಗೆ ಹೇಳುತ್ತೇನೆ.

ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರ ಮರಿಯೆಂಟಾಲ್ ಅಂತ ಒಂದು ಹಳ್ಳಿ. ಇಡೀ ಊರು ಒಂದು ಬಟ್ಟೆ ಕಾರ್ಖಾನೆ ನಂಬಿಕೊಂಡಿತ್ತು. 1929, 30ರ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಜೆಲ್ ಮತ್ತು ಅವರ ಜೊತೆಯವರು ಆ ಊರಿಗೆ ಹೋಗಿ ಜನರ ದಿನ ಹೇಗೆ ಕಳೆಯುತ್ತದೆ ಅಂತ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಕೆಲಸ ಹೋದ ಮೇಲೆ ಗಂಡಸರ ಹತ್ತಿರ ಬೇಕಾದಷ್ಟು ಸಮಯ ಇತ್ತು, ಆದರೆ ಓದುವುದೂ ಕಡಿಮೆ ಆಯಿತು. ಊರಿನ ಗ್ರಂಥಾಲಯದಿಂದ ಪುಸ್ತಕ ತೆಗೆದುಕೊಂಡು ಹೋಗುವುದು, ಶುಲ್ಕ ತೆಗೆದುಹಾಕಿದರೂ, ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರು ನಿಧಾನ ನಡೆಯುತ್ತಿದ್ದರು, ಅಲ್ಲಲ್ಲಿ ಸುಮ್ಮನೆ ನಿಲ್ಲುತ್ತಿದ್ದರು. ದಿನವಿಡೀ ಏನು ಮಾಡಿದಿರಿ ಅಂತ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಹೆಂಗಸರಿಗೆ ಕಾರ್ಖಾನೆ ಕೆಲಸ ಹೋಗಿದ್ದರೂ ಮನೆಗೆಲಸ ಹೋಗಿರಲಿಲ್ಲ, ಅವರ ದಿನಕ್ಕೆ ಒಂದು ಆಕಾರ ಉಳಿದಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಶ್ನೆಯಲ್ಲಿ ಕಾಯುವುದು ಯಾವುದು, ಸಮಾಧಾನ ಕೊಡುವುದು ಯಾವುದು ಅಂತ ಎರಡು ಬುಟ್ಟಿ ಮಾಡಿದ್ದೀರಿ. ನನಗೆ ಅವೆರಡು ಅಷ್ಟು ಬೇರೆ ಅನ್ನಿಸುವುದಿಲ್ಲ. ಮನಸ್ಸು ಕುಸಿದವರು ಅರ್ಜಿ ಹಾಕುವುದಿಲ್ಲ, ಹಳೆಯ ಸಹೋದ್ಯೋಗಿಗೆ ಫೋನ್ ಮಾಡುವುದಿಲ್ಲ, ಬ್ಯಾಂಕಿನ ಪತ್ರ ಒಡೆದು ನೋಡುವುದೂ ಇಲ್ಲ. ಆಗ ಕಳೆದುಕೊಳ್ಳುವುದು ದುಡ್ಡೇ. ಹಾಗಾಗಿ ನಾಲ್ಕು ಡಬ್ಬ ಸೊಪ್ಪನ್ನು ದುಡ್ಡಿನ ಲೆಕ್ಕದಲ್ಲಿ ಮಾತ್ರ ತೂಗಬೇಡಿ.

ಮಾಡಬಹುದಾದ್ದು ಏನೆಂದರೆ, ಅವರ ಕೆಲಸ ಇನ್ನೂ ಇರುವಾಗಲೇ ಮನೆಯ ಒಂದು ಪೂರ್ತಿ ಕೆಲಸವನ್ನು ಅವರಿಗೆ ಕೊಡಿ. "ಸಹಾಯ ಮಾಡಿ" ಅಂತ ಅಲ್ಲ, ಅವರದ್ದೇ ಆಗಿ. ಸೋರುವ ನಲ್ಲಿ, ಅಲುಗಾಡುವ ಕುರ್ಚಿ, ಕೆಟ್ಟ ಮಿಕ್ಸಿ ಇವನ್ನೆಲ್ಲ ಸರಿ ಮಾಡುವುದು, ಇಲ್ಲಾ ತಿಂಗಳ ಖರ್ಚಿನ ಲೆಕ್ಕ ಬರೆಯುವುದು. ರಿಪೇರಿ ಕಲಿತರೆ ಅಕ್ಕಪಕ್ಕದ ಮನೆಗೂ ಆಗುತ್ತದೆ, ನಾಳೆ ನಿಮಗೊಂದು ಡ್ರಿಲ್ಲಿಂಗ್ ಮೆಷಿನ್ ಬೇಕಾದಾಗ ಕೊಂಡುಕೊಳ್ಳದೆ ಅವರ ಹತ್ತಿರ ಕೇಳಿ ತರಬಹುದು. ಮಕ್ಕಳ ಎದುರಿಗೂ ಮುಚ್ಚಿಡಬೇಡಿ, ಪಿಸುಪಿಸು ಮಾತಾಡಿದರೆ ಅವರು ಅದಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತಾರೆ. "ಅಪ್ಪನ ಆಫೀಸಿನಲ್ಲಿ ಸ್ವಲ್ಪ ತೊಂದರೆ ಇದೆ, ಈ ವರ್ಷ ಖರ್ಚು ನೋಡಿ ಮಾಡೋಣ" ಅಂದರೆ ಸಾಕು.

ಮಾತು ಪೂರ್ತಿ ನಿಂತು, ನಿದ್ದೆ ಊಟ ಎಲ್ಲ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಅದಕ್ಕೆ ಸೊಪ್ಪು ಸಾಲದು.

---

ನೇರಮಾತು

ಸಂಜೆನಡಿಗೆ ಅವರ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ಕೋಳಿ ಮಾತ್ರ ಬೇಡ. ಅದಕ್ಕೆ ಹಾಕುವ ಕಾಳಿಗೂ ದುಡ್ಡೇ ಕೊಡಬೇಕು, ಪಕ್ಕದ ಮನೆಯವರ ನಿದ್ದೆಯೂ ಹೋಗುತ್ತದೆ.

---

ಎರಡನೇಮಹಡಿ

ಕೋಳಿ ಕೈಬಿಟ್ಟೆ, ಸೋಲಾರೂ ಸದ್ಯಕ್ಕೆ ಇಲ್ಲ. ಒಂದು ತಿಂಗಳ ದಿನಸಿ, ಸಾಲದ ಕಾಗದ ಓದುವುದು, ನಾಲ್ಕು ಡಬ್ಬ ಸೊಪ್ಪು. ಲೆಕ್ಕ ಬರೆಯುವ ಕೆಲಸ ಇವರಿಗೆ ಕೊಟ್ಟೆ. ಮೊದಲು "ನಾನೇಕೆ" ಅಂದರು, ಆಮೇಲೆ ನಾನು ಯಾವತ್ತೋ ಮರೆತಿದ್ದ ಎರಡು ಚಂದಾಗಳನ್ನು ಹುಡುಕಿ ನಿಲ್ಲಿಸಿ, ನನ್ನ ಮೇಲೆಯೇ ರೇಗಿದರು. ರೇಗಿದ್ದು ನೋಡಿ ಖುಷಿಯಾಯಿತು.

ಕುಂಡದಮಣ್ಣು ಅವರೇ, ಒಂದೇ ಒಂದು ಪ್ರಶ್ನೆ. ಅತ್ತೆಯ ಹತ್ತಿರ ಹಳೇ ಬೀಜಗಳ ಒಂದು ಡಬ್ಬಿ ಇದೆ. ಯಾವ ವರ್ಷದ್ದೋ ಅವರಿಗೂ ನೆನಪಿಲ್ಲ. ಹಾಕಬಹುದಾ, ಹೊಸದೇ ತರಬೇಕಾ?

---

ಕುಂಡದಮಣ್ಣು

ತರುವ ಮೊದಲು ಪರೀಕ್ಷೆ ಮಾಡಿ, ಖರ್ಚಿಲ್ಲ. ಪ್ರತಿ ಜಾತಿಯ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದ ಹಾಗೆ ಒಂದು ಮುಚ್ಚಳದ ಡಬ್ಬಿಯಲ್ಲಿಡಿ. ವಾರ, ಹತ್ತು ದಿನ ಬಿಟ್ಟು ನೋಡಿ. ಏಳೆಂಟು ಮೊಳಕೆ ಬಂದರೆ ಹೊಸದರ ಹಾಗೆಯೇ ಬಿತ್ತಿ. ಮೂರ್ನಾಲ್ಕು ಬಂದರೆ ಎರಡು ಪಟ್ಟು ಒತ್ತಾಗಿ ಬಿತ್ತಿ. ಒಂದೂ ಬರದಿದ್ದರೆ ಆ ಜಾತಿಯದ್ದು ಮಾತ್ರ ಹೊಸದಾಗಿ ತನ್ನಿ. ಈರುಳ್ಳಿ ಬೀಜ ವರ್ಷ ದಾಟಿದರೆ ನಂಬುವ ಹಾಗಿಲ್ಲ, ಟೊಮೆಟೊ, ಸೌತೆ ಬೀಜ ಒಣಗಿದ ಜಾಗದಲ್ಲಿ ಇಟ್ಟಿದ್ದರೆ ನಾಲ್ಕೈದು ವರ್ಷ ಆದರೂ ಹುಟ್ಟುತ್ತವೆ. ಮೊಳಕೆ ಬಂದವನ್ನು ಬಿಸಾಡಬೇಡಿ, ಹಾಗೇ ಮಣ್ಣಿಗೆ ಹಾಕಿ. ಅತ್ತೆಯವರನ್ನೇ ಎಣಿಸಲು ಕೂರಿಸಿ.